ತಿದ್ದುಪಡಿ

ತಿಂಗಳ ಮೊದಲ ಶನಿವಾರ
ಚಾಮರಾಜಪೇಟೆಯ ದೇವಾಲಯದ ಹಿಂದೆ,
ಶವದ ಗಾಡಿ ನಿಲ್ಲಿಸುವ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ
ಚೌರಪ್ಪ ಉಪದೇಶಿ ಹೇಳುತ್ತಾರೆ, ನಾನು ಬರೆಯುತ್ತೇನೆ.
ಪತ್ರಿಕೆಯ ಕೊನೆಯ ಪುಟ, ಎಡಗಡೆಯ ಅರ್ಧ.
ಬಲಗಡೆ ಮರಣವಾರ್ತೆ, ಅದರ ಕೆಳಗೆ
ಮೇಣದ ಬತ್ತಿಯವರ ಜಾಹೀರಾತು.

ಕಾರ್ಡುಗಳನ್ನು ನಾನೇ ಓದಿ ಹೇಳಬೇಕು.
ಅವರಿಗೆ ಅಕ್ಷರ ಈಗ ಇರುವೆ ಸಾಲು.

ಬೇಗೂರಿನ ಇನ್ನಾಸಮ್ಮ ಕೇಳುತ್ತಾರೆ:
ವಿಭೂತಿ ಬುಧವಾರ ಹಣೆಯ ಬೂದಿ ಕಂಡು
ಬಸ್ಸಿನಲ್ಲಿ ಪಕ್ಕದವರು ನೀವೂ ನಮ್ಮವರೇನಾ ಅಂದರು,
ಹೌದು ಅಂದುಬಿಟ್ಟೆ.
ಪಾಪನಿವೇದನೆಯಲ್ಲಿ ಹೇಳಬೇಕಾ?
ಚೌರಪ್ಪನವರು ಮೀಸೆಯೊಳಗೇ ನಕ್ಕರು.
"ಬೇಕಿಲ್ಲ ಅಂತ ಬರಿಯಮ್ಮ. ಬೂದಿಗೆ ಜಾತಿ ಇಲ್ಲ.
ಸೀಟು ಬಿಟ್ಟುಕೊಟ್ಟರಾ ಅಂತ ವಿಚಾರಿಸು."
ಕೊನೆಯ ಸಾಲು ನಾನು ಬರೆಯಲಿಲ್ಲ.

ಲೋಟನ ಹೆಂಡತಿಯ ಹೆಸರೇನು?
ಅಷ್ಟೇ ಇದೆ ಕಾರ್ಡಿನಲ್ಲಿ.
"ಬರೆದಿಲ್ಲ. ಹಾಗಂತ ಉಪ್ಪು ಅಂತ ಕರೆಯಬೇಡಿ."

ಟ್ಯಾನರಿ ರೋಡಿನ ಹುಡುಗ, ಸಹಿ ಹಾಕಿಲ್ಲ:
ಅಂಜೂರದ ಕಾಲವೇ ಅಲ್ಲ ಅಂತ ಅಲ್ಲೇ ಬರೆದಿದೆಯಲ್ಲ,
ಹಾಗಿದ್ದ ಮೇಲೆ ಮರಕ್ಕೆ ಶಾಪ ಯಾಕೆ?
ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು.
ಬಹಳ ಹೊತ್ತು ಮಾತಿಲ್ಲ.
ಹೊರಗೆ ಯಾರೋ ಶವದ ಗಾಡಿಯ ಚಕ್ರಕ್ಕೆ
ಗಾಳಿ ತುಂಬುತ್ತಿದ್ದರು, ಉಸ್ಸು ಉಸ್ಸು.
"ಎರಡನೆಯದಕ್ಕೆ ಮೊದಲು ಉತ್ತರ.
ಮತ್ತೆ ಫೀಸು ಕಟ್ಟು. ಗಣಿತವಾದರೆ ಇಲ್ಲಿಗೆ ಬಾ,
ಟೀಚರ್ ಒಬ್ಬರು ಹೇಳಿಕೊಡ್ತಾರೆ."
ಯಾವ ಟೀಚರು, ಅಂದೆ.
"ರಿಟೈರಾಗಿ ಕೂತಿದ್ದೀಯಲ್ಲ, ನೀನು.
ಮೊದಲನೆಯದಕ್ಕೆ ಹೀಗೆ ಬರಿ:
ಮರದ ಪರವಾಗಿ ನಾನೂ ಕೇಳುತ್ತಿದ್ದೇನೆ,
ನಲವತ್ತು ವರ್ಷದಿಂದ."

ಆಮೇಲೆ ಲಿಂಗರಾಜಪುರದ ದಪ್ಪ ಲಕೋಟೆ.
ಬೆತ್ಸಾಯಿದದ ಕುರುಡನ ಕಣ್ಣು
ಒಂದೇ ಸಲಕ್ಕೆ ಯಾಕೆ ಸರಿಹೋಗಲಿಲ್ಲ?
ಮೊದಲ ಸಲ ಮುಟ್ಟಿದಾಗ ಮನುಷ್ಯರು
ಓಡಾಡುವ ಮರಗಳ ಹಾಗೆ ಕಂಡರಂತೆ.
ದೇವರ ಕೈಗೂ ಎರಡನೆಯ ಪ್ರಯತ್ನ ಬೇಕೇ?

ಇದಕ್ಕೆ ಉತ್ತರ ಬೀರುವಿನಲ್ಲೇ ಇತ್ತು.
ಹತ್ತೊಂಬತ್ತು ವರ್ಷದ ಹಿಂದೆ ಅವರೇ ಕೊಟ್ಟದ್ದು,
ಅಂಕಿ ಹಾಕಿ ಮೂರು ಕಾರಣ, ಅಚ್ಚುಕಟ್ಟು.
ಒಂದು, ವಿಶ್ವಾಸ ಬೆಳೆಯುವುದು ಮೆಟ್ಟಿಲು ಮೆಟ್ಟಿಲಾಗಿ.
ಎರಡು, ಶಿಷ್ಯರ ಕಣ್ಣಿಗೂ ಆಗ ಮಬ್ಬಿತ್ತು.
ಮೂರು, ಅನ್ನುವಷ್ಟರಲ್ಲಿ ಕೈ ಎತ್ತಿದರು.
"ಯಾರು ಬರೆದದ್ದು ಅದನ್ನ?"
ನೀವೇ.
"ಕಣ್ಣು ಚೆನ್ನಾಗಿದ್ದವನು ಬರೆದದ್ದು.

ಹೋದ ತಿಂಗಳು ಮಿಂಟೋ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ
ಡಾಕ್ಟರಮ್ಮ ಕೇಳಿತು, ತಾತ, ಏನು ಕಾಣ್ತಿದೆ?
ಎಲ್ಲ ಕಾಣುತ್ತೆ ಅನ್ನೋಣ ಅನ್ನಿಸಿತು,
ಪಾಪ, ಚಿಕ್ಕ ಹುಡುಗಿ, ಅಷ್ಟು ಕಷ್ಟಪಟ್ಟಿದೆ.
ಕಿಟಕಿಯಾಚೆ ಮಾರ್ಕೆಟ್ಟಿನ ಜನ,
ತಲೆಯ ಮೇಲೆ ಸೊಪ್ಪಿನ ಹೊರೆ, ಹೂವಿನ ಮೂಟೆ,
ಬುಡಸಮೇತ ಎದ್ದು ಹೋಗುತ್ತಿದ್ದರು.
ಅವನೂ ಸುಳ್ಳು ಹೇಳಲಿಲ್ಲ, ನೋಡು.
ಮುಟ್ಟಿದವರೇ ಎದುರು ನಿಂತು
ಏನಾದರೂ ಕಾಣುತ್ತಾ ಅಂತ ಕೇಳುವಾಗ
ಪೂರ್ತಿ ಕಾಣುತ್ತೆ ಸ್ವಾಮಿ ಅಂತ ಕೈಮುಗಿದು
ಮನೆಗೆ ಹೋಗಬಹುದಿತ್ತು."

ನಾನು ಪೆನ್ನು ಹಿಡಿದೇ ಇದ್ದೆ.

"ತಿದ್ದುಪಡಿ ಅಂತ ಹಾಕು. ಮೂರೂ ಕಾರಣ ಹೊಡೆದುಬಿಡು.
ಬರಿ: ಮೊದಲ ಸಲಕ್ಕೂ ಎರಡನೆಯದಕ್ಕೂ ನಡುವೆ
ಎಷ್ಟು ಹೊತ್ತು ಹೋಯಿತೆಂದು ಬರೆದಿಲ್ಲ."
ಮುಂದೆ?
"ಮುಂದೆ ಏನಿಲ್ಲ."

ಎಡಗಡೆಯ ಅರ್ಧದಲ್ಲಿ ಆರು ಸಾಲು ಖಾಲಿ ಉಳಿಯಿತು.
ಮೇಣದ ಬತ್ತಿಯವರು ಕೇಳುತ್ತಾರೆ. ಕೊಡುವುದಿಲ್ಲ.

ಕೋಣೆಗೆ ಬೀಗ ಹಾಕಿ ಹೊರಟೆವು.
ಗೇಟಿನ ಹತ್ತಿರ ತಟ್ಟನೆ ನಿಂತು
"ಸ್ತೋತ್ರ" ಅಂದರು, ಕೈಜೋಡಿಸಿ.
ಕಾದರು.
"ಯಾರದು, ರಾಯಪ್ಪನಾ?"
ಹೊಂಗೆಮರ, ಅಂದೆ.
"ಇರಲಿ," ಅಂದರು. ಜೋಡಿಸಿದ ಕೈ
ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು.